ಅಮ್ಮನ ಕಾಲುಂಗುರ

ಕಳೆದ ಮಳೆಗಾಲದ ಒಂದು ಸಂಜೆ. ಕೊಟ್ಟಿಗೆಯ ಹಿಂದೆ ಹುಲ್ಲು ತೆಗೆಯುತ್ತಿದ್ದ ಅಮ್ಮನ ಪಾದಕ್ಕೆ ಹಾವು ಕಚ್ಚಿತು. ದೊಡ್ಡಪ್ಪ ಕಾಲು ಬಿಗಿಯಲು ಟವೆಲ್ ಹಿಡಿದು ಬಂದರು. ಪಕ್ಕದ ಮನೆಯವರು ನಾಟಿ ಔಷಧಿಯ ಮಾತೆತ್ತಿದರು.

ನನಗೆ ಎನ್‌ಎಸ್‌ಎಸ್ ಶಿಬಿರದ ಪಾಠ ನೆನಪಾಯಿತು: ಬಿಗಿದು ಕಟ್ಟಬಾರದು, ಗಾಯ ಕೊಯ್ಯಬಾರದು, ವಿಷ ಹೀರಬಾರದು, ನಡೆಸಬಾರದು. 108ಕ್ಕೆ ಕರೆ ಮಾಡಿದೆ. ಅಮ್ಮನನ್ನು ಮಲಗಿಸಿ, ಕಾಲು ಅಲುಗಾಡದಂತೆ ಹಲಗೆಯಿಟ್ಟು ಹಳೆ ಸೀರೆಯ ತುಂಡಿನಿಂದ ಸಡಿಲವಾಗಿ ಸುತ್ತಿದೆವು.

ಊತ ಏರುವ ಮೊದಲೇ ಕಾಲುಂಗುರ ತೆಗೆಯಬೇಕಿತ್ತು. ‘ನಿಮ್ಮಪ್ಪ ಇರೋವಾಗ ಕಾಲುಂಗುರ ತೆಗೀತಾರೇನೋ?’ ಎಂದು ಅಮ್ಮ ಕಾಲು ಎಳೆದುಕೊಂಡಳು. ಅಪ್ಪನೇ ಬಗ್ಗಿ ತೆಗೆದು ಜೇಬಿಗೆ ಹಾಕಿಕೊಂಡರು.

ಹಾವನ್ನು ಹೊಡೆದು ತರಲು ಹೊರಟವರನ್ನೂ ತಡೆದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವುದು ಒಂದೇ ಪ್ರತಿವಿಷ.

ರಾತ್ರಿ ಊತ ಮೊಣಕಾಲು ಮುಟ್ಟಿತು. ‘ಉಂಗುರ ಬಿಟ್ಟಿದ್ದರೆ ಬೆರಳಿಗೆ ರಕ್ತ ಹರಿಯುವುದೇ ನಿಲ್ಲಬಹುದಿತ್ತು’ ಎಂದರು ವೈದ್ಯರು.

ಆರನೇ ದಿನ ಅಮ್ಮ ಮನೆಗೆ ಬಂದಳು. ಊತ ಪೂರ್ತಿ ಇಳಿದ ಮೇಲೆ ಅಪ್ಪ ಮತ್ತೆ ಬಗ್ಗಿ ಕಾಲುಂಗುರ ತೊಡಿಸಿದರು. ಅಮ್ಮನಿಗೆ ನಗು, ನಾಚಿಕೆ. ನನಗೆ ಮಾತ್ರ ದೊಡ್ಡಪ್ಪನ ಆ ಟವೆಲ್ ಇನ್ನೂ ಕಣ್ಣಮುಂದೆ ಬರುತ್ತದೆ.