ಬೀಡಿ ಬಿಟ್ಟ ರೈತರು ದುಡಿಮೆಯ ಒತ್ತಡವನ್ನು ಎದುರಿಸುವುದು ಹೇಗೆ?

ಬೀಡಿ, ಸಿಗರೇಟು ಸೇದುವ ರೈತರಲ್ಲಿ ಅನೇಕರಿಗೆ ಅದನ್ನು ಬಿಡಬೇಕೆಂಬ ಮನಸ್ಸು ಇದ್ದೇ ಇದೆ. ಕೆಲವರು ಹಬ್ಬದ ದಿನ, ಕೆಲವರು ಕಾಯಿಲೆಯಿಂದ ಎದ್ದ ದಿನ ಬಿಟ್ಟೂ ಬಿಡುತ್ತಾರೆ. ಆದರೆ ನಾಟಿಯೋ ಕಟಾವೋ ಬಂದು ಕೆಲಸ ಮೈಮೇಲೆ ಬಿದ್ದ ವಾರದಲ್ಲಿ, ಒಂದು ದಮ್ಮು ಎಳೆದರೆ ಆಯಾಸ ಹೋದೀತೆಂದು ಮತ್ತೆ ಹಚ್ಚುತ್ತಾರೆ. ಬಿಡುವುದಕ್ಕಿಂತ ಬಿಟ್ಟದ್ದನ್ನು ಉಳಿಸಿಕೊಳ್ಳುವುದೇ ಕಷ್ಟದ ಕೆಲಸ. ದುಡಿಮೆಯ ಒತ್ತಡ ಮತ್ತು ಚಟದ ಸೆಳೆತ ಒಟ್ಟಿಗೆ ಬಂದಾಗ ಏನು ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ದಮ್ಮಿನಿಂದ ಆಯಾಸ ಹೋಗುವುದೇ?

ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ರೈತರಿಗೆ ಹೊಸದಲ್ಲ. ಗಿಡಹೇನಿನ ಮೇಲೆ ಸಿಂಪಡಿಸಲು ತಯಾರಿಸುತ್ತಿದ್ದ ಹೊಗೆಸೊಪ್ಪಿನ ಕಷಾಯದಲ್ಲಿ ಹೇನನ್ನು ಕೊಲ್ಲುತ್ತಿದ್ದುದು ಇದೇ ವಸ್ತು. ದಮ್ಮು ಎಳೆದ ಕೆಲವೇ ಸೆಕೆಂಡುಗಳಲ್ಲಿ ಇದು ಮೆದುಳನ್ನು ತಲುಪುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಇಳಿಯುತ್ತಿದ್ದಂತೆ ಚಡಪಡಿಕೆ, ಸಿಡುಕು, ಮಂಕು ಶುರುವಾಗುತ್ತವೆ. ಇನ್ನೊಂದು ಬೀಡಿ ಸೇದಿದಾಗ ಅವು ಅಡಗುತ್ತವೆ. ಸೇದುವವನು ಇದನ್ನೇ ಕೆಲಸದ ಆಯಾಸ ಕಳೆಯಿತೆಂದು ತಿಳಿಯುತ್ತಾನೆ. ನಿಜವಾಗಿ ಕಳೆದದ್ದು ಹಿಂದಿನ ಬೀಡಿ ತಂದಿಟ್ಟ ಚಡಪಡಿಕೆ ಮಾತ್ರ.

ಆಯಾಸವಂತೂ ಇದರಿಂದ ಹೆಚ್ಚುತ್ತದೆ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಕೆಂಪು ಕಣಗಳಿಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಮೂಟೆ ಹೊರುವಾಗ, ಗುದ್ದಲಿ ಹಿಡಿದಾಗ ಬೇಗ ಏದುಸಿರು ಬರುತ್ತದೆ. ಬೀಡಿ ಸಣ್ಣದು, ಎಲೆಯಲ್ಲಿ ಸುತ್ತಿದ್ದು, ಆದ್ದರಿಂದ ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆ ತಪ್ಪು. ಬೀಡಿ ಆರಿಹೋಗದಂತೆ ಮೇಲಿಂದ ಮೇಲೆ, ಬಲವಾಗಿ ಎಳೆಯಬೇಕಾಗುತ್ತದೆ.

ಬಿಟ್ಟ ಮೇಲೆ ಒತ್ತಡ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. 26 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವರದಿಯ ಪ್ರಕಾರ, ಧೂಮಪಾನ ಬಿಟ್ಟವರಲ್ಲಿ ಆತಂಕ, ಖಿನ್ನತೆ ಮತ್ತು ಒತ್ತಡ ಬಿಡದವರಿಗಿಂತ ಕಡಿಮೆಯಾದುದು ಕಂಡುಬಂದಿದೆ.

ಬಿಡುವು ಬೇಕು, ಬೀಡಿ ಬೇಡ

ಹಾಗಾದರೆ ಬೀಡಿ ಸೇದಿದಾಗ ಹಾಯೆನಿಸುವುದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಹೊಲದ ಕೆಲಸದಲ್ಲಿ ಬೀಡಿಯ ನೆಪದಲ್ಲಿಯೇ ಬಿಡುವು ಸಿಗುತ್ತದೆ. ಸೇದುವವನು ನೇಗಿಲು ನಿಲ್ಲಿಸಿ, ಬದುವಿನ ಮೇಲೆ ಕುಳಿತು, ನೆರಳಿನಲ್ಲಿ ಐದು ನಿಮಿಷ ಬೆನ್ನು ನೆಟ್ಟಗೆ ಮಾಡುತ್ತಾನೆ. ಸೇದದವನು ಕುಳಿತರೆ ಸೋಮಾರಿ ಎನ್ನಿಸಿಕೊಳ್ಳುತ್ತಾನೆ. ಬೀಡಿ ಬಿಟ್ಟವನು ಅದರ ಜೊತೆಗೆ ಬಿಡುವನ್ನೂ ಕಳೆದುಕೊಂಡರೆ ದಣಿವು, ಸಿಟ್ಟು ಎರಡೂ ಹೆಚ್ಚಿ ಮತ್ತೆ ಬೀಡಿಯ ಬಳಿಗೇ ಬರುತ್ತಾನೆ.

ಆದ್ದರಿಂದ ಬೀಡಿಯನ್ನು ಬಿಡಬೇಕೇ ಹೊರತು ಬಿಡುವನ್ನು ಬಿಡಬಾರದು. ಹಿಂದೆ ಬೀಡಿ ಸೇದುತ್ತಿದ್ದ ಹೊತ್ತಿಗೇ ಕೆಲಸ ನಿಲ್ಲಿಸಿ, ನೆರಳಿಗೆ ಬಂದು ನೀರು ಅಥವಾ ಮಜ್ಜಿಗೆ ಕುಡಿಯಬೇಕು. ಆದರೆ ಸೇದುವವರ ಗುಂಪಿನಿಂದ ಸ್ವಲ್ಪ ದೂರ ಕುಳಿತುಕೊಳ್ಳುವುದು ಒಳ್ಳೆಯದು. ಆಳುಗಳನ್ನು ಇಟ್ಟು ಕೆಲಸ ಮಾಡಿಸುವ ಜಮೀನುದಾರರು ಸೇದುವವರಿಗೂ ಸೇದದವರಿಗೂ ಸಮನಾಗಿ ಬಿಡುವು ಕೊಡಬೇಕು. ಬಿಡುವಿನ ಹೊತ್ತಿಗೆ ಕೈಗೆ ಬೀಡಿ ಕೊಡುವ ಪದ್ಧತಿಯ ಬದಲು ಬೆಲ್ಲ, ಕಡಲೆಕಾಯಿ, ಮಜ್ಜಿಗೆ ಕೊಡುವುದು ಮೇಲು.

ಮೊದಲ ನಾಲ್ಕು ವಾರ

ಬೆಳೆಗೆ ಕಳೆಯ ಕಾಟ ತಡೆಯಲು ಮೊದಲ ಕೆಲವು ವಾರಗಳು ಎಷ್ಟು ಮುಖ್ಯವೋ ಇಲ್ಲಿಯೂ ಹಾಗೆಯೇ. ಬಿಟ್ಟ 2-3ನೆಯ ದಿನ ಸಿಡುಕು, ಚಡಪಡಿಕೆ, ಹಸಿವು, ನಿದ್ರೆಗೇಡು ಎಲ್ಲವೂ ಅತಿ ಹೆಚ್ಚಾಗಿರುತ್ತವೆ. ನಂತರ ಇಳಿಯುತ್ತಾ 2ರಿಂದ 4 ವಾರಗಳಲ್ಲಿ ಬಹುಮಟ್ಟಿಗೆ ಕಡಿಮೆಯಾಗುತ್ತವೆ. ಕೆಲಸ ಕಡಿಮೆ ಇರುವ ಕಾಲವನ್ನು ನೋಡಿ ಬಿಟ್ಟರೆ ಸುಗ್ಗಿಯ ಹೊತ್ತಿಗೆ ಈ ಹಂತ ದಾಟಿರುತ್ತದೆ. ಆ ಹೊತ್ತಿಗೆ ಸುಗ್ಗಿಯೇ ಬಂದಿದ್ದರೆ ಮನೆಯವರಿಗೂ ಜೊತೆಗಾರರಿಗೂ ವಿಷಯ ತಿಳಿಸಿಡಬೇಕು. ಸಿಟ್ಟಿನ ಮಾತು ಬಂದರೆ ಅವರು ಸಹಿಸಿಕೊಳ್ಳುತ್ತಾರೆ.

ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಹೊಗೆ ಒಳಗೆ ಹೋಗುತ್ತಿರುವಾಗ ಕಾಫಿ, ಚಹಾದಲ್ಲಿರುವ ಕೆಫೀನ್ ದೇಹದಿಂದ ಬೇಗ ಹೊರಹೋಗುತ್ತದೆ. ಸೇದುವುದನ್ನು ನಿಲ್ಲಿಸಿದ ಮೇಲೆ ಅದು ಹೆಚ್ಚು ಹೊತ್ತು ಉಳಿಯುತ್ತದೆ. ಮೊದಲಿನಷ್ಟೇ ಚಹಾ ಕುಡಿದರೆ ಎದೆ ಬಡಿತ, ಕೈ ನಡುಕ, ನಿದ್ರೆಗೇಡು ಬರುತ್ತವೆ. ಅದನ್ನು ಬೀಡಿ ಬಿಟ್ಟದ್ದರ ತೊಂದರೆ ಎಂದು ತಪ್ಪಾಗಿ ತಿಳಿಯುವುದುಂಟು. ಆದ್ದರಿಂದ ಚಹಾ, ಕಾಫಿಯನ್ನು ಸುಮಾರು ಅರ್ಧಕ್ಕೆ ಇಳಿಸಬೇಕು. ಅಲ್ಲದೆ ಅನೇಕರಿಗೆ ಚಹಾದ ಜೊತೆಗೇ ಬೀಡಿಯ ನೆನಪು ಬರುತ್ತದೆ.

ಸೆಳೆತ ಬಂದಾಗ

ಪ್ರತಿಯೊಂದು ಸೆಳೆತವೂ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಬೀಡಿ ಸೇದಿದರೂ ಸೇದದಿದ್ದರೂ ಅದು ಇಳಿಯುತ್ತದೆ. ಆ ಹೊತ್ತನ್ನು ಕಳೆಯಲು ಈ ಕ್ರಮಗಳನ್ನು ಅನುಸರಿಸಬಹುದು.

1. ಐದು ನಿಮಿಷ ಮುಂದೂಡಬೇಕು. ಈ ಸಾಲು ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡರೆ ಸಾಕು.

2. ಮೂಗಿನಿಂದ ನಿಧಾನವಾಗಿ ಉಸಿರೆಳೆದು ಬಾಯಿಂದ ಬಿಡಬೇಕು. ಹತ್ತು ಸಲ ಹೀಗೆ ಮಾಡಿದರೆ ಮೈ ಸಡಿಲಾಗುತ್ತದೆ.

3. ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು.

4. ಬಾಯಿಗೆ ಲವಂಗ, ಸೋಂಪು, ಒಣಶುಂಠಿ ಇಲ್ಲವೆ ನೆಲ್ಲಿಕಾಯಿ ಹಾಕಿಕೊಳ್ಳಬಹುದು. ಗುಟ್ಕಾ, ಕಡ್ಡಿಪುಡಿ, ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಕೂಡದು. ಅವುಗಳಿಂದಲೂ ಅದೇ ನಿಕೋಟಿನ್ ದೊರೆಯುತ್ತದೆ, ಬಾಯಿಯ ಕ್ಯಾನ್ಸರಿಗೂ ದಾರಿಯಾಗುತ್ತದೆ.

5. ಬೀಡಿ ಹಿಡಿಯುತ್ತಿದ್ದ ಕೈಗೆ ಹಗ್ಗ ಹೊಸೆಯುವ, ಕುಡುಗೋಲು ಮಸೆಯುವಂಥ ಕೆಲಸ ಕೊಡಬೇಕು.

6. ಜೇಬು, ಪಂಪಿನ ಮನೆ, ಟ್ರ್ಯಾಕ್ಟರ್ ಇಲ್ಲೆಲ್ಲ ಬೀಡಿ ಕಟ್ಟು ಉಳಿದಿರದಂತೆ ನೋಡಿಕೊಳ್ಳಬೇಕು.

ಪಂಪಿಗೆ ರಾತ್ರಿ ಕರೆಂಟು ಬಂದು ನೀರು ಹಾಯಿಸುವಾಗ, ಹಂದಿ ಕಾಯಲು ಅಟ್ಟಣೆಯಲ್ಲಿ ಕುಳಿತಾಗ ನಿದ್ದೆ ತಡೆಯಲು ಬೀಡಿ ಹಚ್ಚುವ ರೂಢಿಯಿದೆ. ಅಂಥ ರಾತ್ರಿಗೆ ಮುಂಚೆ ಹಗಲು ಒಂದು ಗಂಟೆ ಮಲಗಬೇಕು. ಹುರಿಗಡಲೆ ಕಟ್ಟಿಕೊಂಡು, ಸೇದದ ಜೊತೆಗಾರನೊಬ್ಬನನ್ನು ಕರೆದುಕೊಂಡು ಹೋಗಬೇಕು. ಮಾರುಕಟ್ಟೆಯಲ್ಲಿ ಮಾಲಿನ ಧಾರಣೆಗಾಗಿ ಕಾಯುವ ಹೊತ್ತೂ ಅಪಾಯದ್ದೇ. ಧಾರಣೆ ಕುಸಿದ ದಿನ ಬೀಡಿ ಸೇದಿದರೆ ಧಾರಣೆಯೇನೂ ಏರುವುದಿಲ್ಲ, ಜೇಬಿನಿಂದ ಇನ್ನಷ್ಟು ಹಣ ಮಾತ್ರ ಹೋಗುತ್ತದೆ.

ಹೊಗೆಸೊಪ್ಪು ಬೆಳೆಯುವವರಿಗೆ ವಿಶೇಷ ಸೂಚನೆ

ಹುಣಸೂರು, ಪಿರಿಯಾಪಟ್ಟಣದ ಸಿಗರೇಟು ತಂಬಾಕಿನ ಹೊಲಗಳಲ್ಲಿ, ನಿಪ್ಪಾಣಿ ಭಾಗದ ಬೀಡಿ ತಂಬಾಕಿನ ಹೊಲಗಳಲ್ಲಿ ದುಡಿಯುವವರಿಗೆ ಈ ಕೆಲಸ ಹೆಚ್ಚು ಕಷ್ಟದ್ದು. ವಾಸನೆಯೇ ಸೆಳೆತ ತರುತ್ತದೆ. ಮಂಜು ಅಥವಾ ಮಳೆಯಿಂದ ಒದ್ದೆಯಾದ ಹಸಿರೆಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೂ ಒಳಗಿಳಿದು ತಲೆಸುತ್ತು, ವಾಕರಿಕೆ ಬರುವುದುಂಟು. ಎಲೆ ಒಣಗಿದ ಮೇಲೆ ಮುರಿಯಬೇಕು. ತುಂಬುತೋಳಿನ ಅಂಗಿ, ಕೈಗವಸು ಧರಿಸಿ, ಕೆಲಸ ಮುಗಿದೊಡನೆ ಸೋಪಿನಿಂದ ಮೈ ತೊಳೆಯಬೇಕು.

ಬಿಟ್ಟದ್ದರಿಂದ ಬೆಳೆಗೂ ಲಾಭವಿದೆ. ಹೊಗೆಸೊಪ್ಪಿನ ಮೊಸಾಯಿಕ್ ನಂಜುರೋಗ ಬೀಡಿ ಮುಟ್ಟಿದ ಕೈಗಳಿಂದ ಟೊಮೆಟೊ, ಮೆಣಸಿನಕಾಯಿ ಸಸಿಗಳಿಗೆ ಅಂಟಬಲ್ಲದು. ಬೀಡಿಯ ತುಂಡಿನಿಂದ ಬಣವೆಗೆ ಬೆಂಕಿ ಬೀಳುವ ಭಯವೂ ತಪ್ಪುತ್ತದೆ.

ಒಮ್ಮೆ ಜಾರಿದರೆ

ನಾಟಿ ಮಾಡಿದ ಗದ್ದೆಯಲ್ಲಿ ನಾಲ್ಕು ಸಸಿ ಸತ್ತರೆ ಯಾವ ರೈತನೂ ಗದ್ದೆಯನ್ನೇ ಉತ್ತು ಹಾಕುವುದಿಲ್ಲ. ಸತ್ತ ಕಡೆ ಬೇರೆ ಸಸಿ ನೆಡುತ್ತಾನೆ. ಹಾಗೆಯೇ ಒಂದು ಬೀಡಿ ಸೇದಿಬಿಟ್ಟರೆ ಎಲ್ಲವೂ ಮುಗಿಯಿತೆಂದು ಕಟ್ಟು ಕೊಳ್ಳಬಾರದು. ಯಾವ ಹೊತ್ತಿನಲ್ಲಿ, ಯಾರ ಜೊತೆಗಿದ್ದಾಗ ಜಾರಿತು ಎಂಬುದನ್ನು ಗಮನಿಸಿ, ಮುಂದಿನ ಸಲ ಅಲ್ಲಿ ಎಚ್ಚರದಿಂದಿರಬೇಕು.

ಒಬ್ಬರೇ ನಿಭಾಯಿಸಲು ಆಗದಿದ್ದರೆ ನೆರವು ಪಡೆಯುವುದರಲ್ಲಿ ಸಂಕೋಚ ಬೇಡ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹೆಚ್ಚು ಸೇದುತ್ತಿದ್ದವರಿಗೆ ವೈದ್ಯರು ನಿಕೋಟಿನ್ ಗಮ್ ಸೂಚಿಸುತ್ತಾರೆ. ಇದನ್ನು ಬಿಡದೆ ಜಗಿಯಬಾರದು. ಸ್ವಲ್ಪ ಜಗಿದು, ಖಾರವೆನಿಸಿದಾಗ ಕೆನ್ನೆಯ ಒಳಗೆ ಇಟ್ಟುಕೊಳ್ಳಬೇಕು. ಅದಕ್ಕೆ ಮೊದಲು 15 ನಿಮಿಷ ಕಾಫಿ, ಚಹಾ, ಹುಳಿ ಪಾನೀಯ ಕುಡಿಯಬಾರದು. ಕೆಲಸದಲ್ಲಿ ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಾಲ, ಬೆಳೆನಷ್ಟದ ಚಿಂತೆಯಿಂದ ಮನಸ್ಸು ತೀರ ಕುಗ್ಗಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416ಕ್ಕೆ ಕರೆ ಮಾಡಿ ಮಾತನಾಡಬೇಕು.

ಬಿಟ್ಟ ಒಂದೆರಡು ದಿನಗಳಲ್ಲೇ ರಕ್ತದಲ್ಲಿನ ಮಾನಾಕ್ಸೈಡ್ ಇಳಿಯುತ್ತದೆ. ಕೆಲವು ತಿಂಗಳಲ್ಲಿ ಕೆಮ್ಮು, ಏದುಸಿರು ಕಡಿಮೆಯಾಗುತ್ತವೆ. ಒಂದು ವರ್ಷದಲ್ಲಿ ಹೃದಯ ರೋಗದ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮುಂದಿನ ಸುಗ್ಗಿಯಲ್ಲಿ ಅದೇ ಮೂಟೆಯನ್ನು ಹೊರುವಾಗ ಈ ವ್ಯತ್ಯಾಸ ರೈತರಿಗೆ ತಾನಾಗಿಯೇ ತಿಳಿದುಬರುತ್ತದೆ.