ನೀರು ಶುದ್ಧಿಮಾಡುವ ಕಂಪನಿಯ ಷೇರಿಗೆ ಬೆಲೆ ಕಟ್ಟುವ ಬಗೆ

ಜೋಗಿಮಟ್ಟಿಯ ನೆತ್ತಿಯ ಮೇಲೆ ನಿಂತವರಿಗೆ ಚಿತ್ರದುರ್ಗ ಸೀಮೆಯ ನೀರಿನ ಕಥೆ ಒಂದೇ ನೋಟದಲ್ಲಿ ತಿಳಿಯುತ್ತದೆ. ಬೆಟ್ಟದ ಮಗ್ಗುಲಲ್ಲಿ ಆಡುಮಲ್ಲೇಶ್ವರದ ತಣ್ಣನೆಯ ಜಲ. ಅತ್ತ ಕೋಟೆಯೊಳಗೆ, ಮೇಲಿನದು ತುಂಬಿ ಕೆಳಗಿನದಕ್ಕೆ ಹರಿಯುವಂತೆ ಹಿಂದಿನವರು ಕಟ್ಟಿದ ಹೊಂಡಗಳ ಸಾಲು. ಅದರಾಚೆ ಮಳೆಯ ನೆರಳಿನ ಬಯಲು. ಆ ಬಯಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಮಿತಿಮೀರಿದೆ ಎಂಬುದು ಈ ಭಾಗದ ಅಧ್ಯಾಪಕರಿಗೆ ಹೊಸ ಸಂಗತಿಯಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಗಳನ್ನು ಅವರು ತರಗತಿಯಲ್ಲಿಯೇ ಕಂಡಿದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕವು ವಿಧಿಸಿದೆ. ಇದನ್ನು ಮೀರಿದ ಊರುಗಳಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ಕುಡಿಯುವ ನೀರಿನ ಘಟಕಗಳು ತಲೆಯೆತ್ತಿವೆ.

ಈ ಘಟಕಗಳ ಹಿಂದೆ, ನಗರಗಳ ಶುದ್ಧೀಕರಣ ಸ್ಥಾವರಗಳ ಹಿಂದೆ, ಕಾರ್ಖಾನೆಗಳ ತ್ಯಾಜ್ಯಜಲದ ತೊಟ್ಟಿಗಳ ಹಿಂದೆ ಕಂಪನಿಗಳಿವೆ. ಅವುಗಳಲ್ಲಿ ಕೆಲವು ಷೇರುಪೇಟೆಯಲ್ಲಿ ನೋಂದಣಿಯಾಗಿವೆ. ನಿವೃತ್ತಿಯ ಹಣವನ್ನೋ ಅಡಕೆ ಮಾರಿದ ಹಣವನ್ನೋ ಕೈಯಲ್ಲಿಟ್ಟುಕೊಂಡು ಯೋಚಿಸುವವರ ನಡುವೆ ಒಂದು ವಾದವು ಪದೇ ಪದೇ ಕೇಳಿಬರುತ್ತದೆ: ‘ನೀರಿಲ್ಲದೆ ಯಾರೂ ಬದುಕಲಾರರು, ಶುದ್ಧ ನೀರು ದಿನದಿನಕ್ಕೆ ದುರ್ಲಭವಾಗುತ್ತಿದೆ, ಆದ್ದರಿಂದ ನೀರಿನ ಕಂಪನಿಯ ಷೇರು ಎಂದೂ ಕೈಬಿಡದು.’ ಈ ವಾದದ ಮೊದಲೆರಡು ಮಾತುಗಳು ನಿಜ. ಮೂರನೆಯದು ಅವುಗಳಿಂದ ಹೊರಡುವುದಿಲ್ಲ. ಬಾಯಾರಿಕೆಯು ಕಂಪನಿಯ ಆದಾಯವಲ್ಲ. ಬಾಯಾರಿದವನ ಪರವಾಗಿ ಯಾರು, ಎಷ್ಟು, ಯಾವಾಗ ಹಣ ಕೊಡುತ್ತಾರೆ ಎಂಬುದೇ ಆದಾಯ. ಷೇರಿನ ಬೆಲೆಯ ವಿಚಾರವೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಇದೆ.

ವಿಷಯವನ್ನು ತಿಳಿಯಲು ಮೊದಲು ಹಳ್ಳಿಯ ಘಟಕವೊಂದನ್ನೇ ಪುಟ್ಟ ಕಂಪನಿಯೆಂದು ಕಲ್ಪಿಸಿಕೊಳ್ಳಬಹುದು. ಅಂಕಿಗಳು ಕೇವಲ ಲೆಕ್ಕದ ಅನುಕೂಲಕ್ಕೆ. 20 ಲೀಟರಿನ ಕ್ಯಾನಿಗೆ 5 ರೂಪಾಯಿಯಂತೆ ದಿನಕ್ಕೆ 300 ಕ್ಯಾನು ಹೋದರೆ 1,500 ರೂಪಾಯಿ; ವರ್ಷದಲ್ಲಿ 360 ದಿನ ನಡೆದರೆ 5,40,000 ರೂಪಾಯಿ. ವಿದ್ಯುತ್ತು, ನೋಡಿಕೊಳ್ಳುವವನ ಸಂಬಳ, ರಾಸಾಯನಿಕ, ಸಣ್ಣಪುಟ್ಟ ರಿಪೇರಿಗಳಿಗೆ 3,90,000 ರೂಪಾಯಿ ಕಳೆದರೆ 1,50,000 ಉಳಿಯುತ್ತದೆ. ಶೇಕಡಾ 10ರ ಪ್ರತಿಫಲ ಸಾಕೆನ್ನುವವನು ಇಷ್ಟಕ್ಕೇ ಕೈಮುಗಿದು, ಘಟಕದ ಬೆಲೆ 15 ಲಕ್ಷವೆಂದು ಹೇಳಿಬಿಡುತ್ತಾನೆ.

ಅವನು ಮರೆತದ್ದು ಯಂತ್ರದ ಒಳಗಿದೆ. ಉಪ್ಪನ್ನೂ ಫ್ಲೋರೈಡನ್ನೂ ತಡೆಯುವ ಮೆಂಬ್ರೇನ್ ಎಂಬ ಪೊರೆಯು ಗಡಸು ನೀರಿನ ಊರಿನಲ್ಲಿ ಬಹುಕಾಲ ಬಾಳುವುದಿಲ್ಲ. ಮೂರು ವರ್ಷಕ್ಕೊಮ್ಮೆ 1,80,000 ರೂಪಾಯಿಯ ಪೊರೆಗಳನ್ನು ಬದಲಿಸಬೇಕಾದರೆ ವರ್ಷಕ್ಕೆ 60,000 ಎತ್ತಿಡಬೇಕು. ಘಟಕದ ಮೂಲ ವೆಚ್ಚ 6 ಲಕ್ಷ, ಆಯುಷ್ಯ 12 ವರ್ಷವೆಂದಾದರೆ ಸವಕಳಿಗೆ ವರ್ಷಕ್ಕೆ 50,000. ಆಗ ನಿಜವಾಗಿ ಉಳಿಯುವುದು 40,000 ರೂಪಾಯಿ. ಅದೇ ಶೇಕಡಾ 10ರ ಲೆಕ್ಕದಲ್ಲಿ ಘಟಕದ ಬೆಲೆ 4 ಲಕ್ಷ. ಒಂದು ಸಾವಿರ ಷೇರುಗಳಿದ್ದರೆ ಷೇರಿಗೆ 400 ರೂಪಾಯಿ. ಮೊದಲಿನವನು ಕೊಟ್ಟದ್ದು 1,500. ನೀರು ಅದೇ, ಜನ ಅವರೇ, ಕ್ಯಾನುಗಳೂ ಅಷ್ಟೇ. ಸಾಲವಿದ್ದರೆ ಈ 4 ಲಕ್ಷದಿಂದಲೂ ಕಳೆಯಬೇಕು. ಪೆಟ್ಟಿಗೆಯಲ್ಲಿ ಹೆಚ್ಚುವರಿ ನಗದು ಇದ್ದರೆ ಕೂಡಿಸಬೇಕು. ದೊಡ್ಡ ಕಂಪನಿಯ ಅಢಾವೆ ಪತ್ರಿಕೆಯನ್ನು ಓದುವುದೂ ಮೂಲತಃ ಇದೇ ಕ್ರಮದಲ್ಲಿ.

ಆದರೆ ದೊಡ್ಡ ಕಂಪನಿಗೆ ನಾಣ್ಯದ ಪೆಟ್ಟಿಗೆಯಿರುವುದಿಲ್ಲ. ಅದರ ಗಿರಾಕಿಗಳು ನಗರಸಭೆಗಳು, ಜಲಮಂಡಳಿಗಳು, ವಿದ್ಯುತ್ ನಿಗಮಗಳು, ತೈಲ ಶುದ್ಧೀಕರಣಾಗಾರಗಳು. ಕೆಲಸವೂ ಎರಡು ಬಗೆ. ಸ್ಥಾವರವನ್ನು ಕಟ್ಟಿ ಒಪ್ಪಿಸುವುದು ಒಂದು. ಕಟ್ಟಿದ್ದನ್ನು ಹತ್ತು ಹದಿನೈದು ವರ್ಷ ನಡೆಸಿಕೊಂಡು ಹೋಗುವುದು ಇನ್ನೊಂದು. ಕಟ್ಟುವ ಕೆಲಸದಲ್ಲಿ ಮೊತ್ತ ದೊಡ್ಡದು, ಪೈಪೋಟಿ ತೀವ್ರ, ಲಾಭದ ಅಂಚು ತೆಳು. ಸಿಮೆಂಟು ಉಕ್ಕುಗಳ ದರ ಏರಿದರೆ ಆ ಅಂಚೂ ಕರಗುತ್ತದೆ. ನಡೆಸುವ ಕೆಲಸದಲ್ಲಿ ಮೊತ್ತ ಸಣ್ಣದು, ಆದರೆ ವರ್ಷವರ್ಷವೂ ಬರುವಂಥದು. ರಾಸಾಯನಿಕ, ರಾಳದ ಮಣಿ, ಪೊರೆಗಳನ್ನು ಮಾರುವುದು ಇದಕ್ಕಿಂತಲೂ ಸ್ಥಿರ. ಹೀಗಾಗಿ ಒಂದೇ ಮೊತ್ತದ ಲಾಭವಿರುವ ಎರಡು ಕಂಪನಿಗಳಿಗೆ ಪೇಟೆಯು ಒಂದೇ ಬೆಲೆ ಕೊಡದಿದ್ದರೆ ಅದನ್ನು ಪೇಟೆಯ ಹುಚ್ಚು ಎನ್ನಲಾಗದು. 1964ರಲ್ಲಿ ಬ್ರಿಟನ್ನಿನ ಪರ್ಮ್ಯೂಟಿಟ್ ಕಂಪನಿಯ ಅಂಗವಾಗಿ ಹುಟ್ಟಿ 1985ರಲ್ಲಿ ಪೂರ್ಣ ಭಾರತೀಯವಾದ ಅಯಾನ್ ಎಕ್ಸ್‌ಚೇಂಜ್ ಕಂಪನಿಯು ತನ್ನ ವರದಿಗಳಲ್ಲಿ ಎಂಜಿನಿಯರಿಂಗ್, ರಾಸಾಯನಿಕ, ಗೃಹಬಳಕೆಯ ಉಪಕರಣ ಎಂದು ಮೂರು ಲೆಕ್ಕಗಳನ್ನು ಬೇರೆಬೇರೆಯಾಗಿ ಕೊಡುತ್ತ ಬಂದಿದೆ. ಓದುಗನು ಒಟ್ಟು ಲಾಭವನ್ನು ನೋಡಿ ಪುಟ ಮಗುಚದೆ ಈ ವಿಂಗಡಣೆಯ ಬಳಿ ನಿಲ್ಲಬೇಕು.

ಕಟ್ಟುವ ಕಂಪನಿಯ ಹಣೆಬರಹವನ್ನು ತಿಳಿಯಲು ಚೆನ್ನೈಯ ವಿಎ ಟೆಕ್ ವಾಬಾಗ್ ಕಂಪನಿಯ ಷೇರಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ವಾಬಾಗ್ ಎಂಬ ಹೆಸರು 1924ರಲ್ಲಿ ಜರ್ಮನಿಯ ಬ್ರೆಸ್ಲೌ ನಗರದಲ್ಲಿ ಹುಟ್ಟಿತು. ಅದರ ಭಾರತೀಯ ಶಾಖೆಯನ್ನು 2005ರಲ್ಲಿ ಇಲ್ಲಿನ ಆಡಳಿತಗಾರರೇ ಹೂಡಿಕೆದಾರರ ನೆರವಿನಿಂದ ಕೊಂಡರು. 2007ರಲ್ಲಿ ಆ ಶಾಖೆಯೇ ವಿಯೆನ್ನಾದ ಮೂಲ ಕಂಪನಿಯನ್ನು ಕೊಂಡಿತು! 2010ರ ಅಕ್ಟೋಬರಿನಲ್ಲಿ, 5 ರೂಪಾಯಿ ಮುಖಬೆಲೆಯ ಷೇರು 1,310 ರೂಪಾಯಿಯಂತೆ ಸಾರ್ವಜನಿಕರಿಗೆ ದೊರೆತು ಪೇಟೆಗೆ ಬಂತು.

ಆಗ 100 ಷೇರು ಕೊಂಡವನು ತೆತ್ತದ್ದು 1,31,000 ರೂಪಾಯಿ. 2011ರಲ್ಲಿ ಮುಖಬೆಲೆಯನ್ನು 5ರಿಂದ 2 ರೂಪಾಯಿಗೆ ಒಡೆದಾಗ ಅವನ 100 ಷೇರುಗಳು 250 ಆದವು. 2015ರಲ್ಲಿ ಒಂದಕ್ಕೊಂದು ಬೋನಸ್ ಷೇರು ಬಂದಾಗ 500 ಆದವು. ಸಂಖ್ಯೆ ಬೆಳೆದುದಕ್ಕೆ ಹಿಗ್ಗುವವರುಂಟು. ಹಲಸಿನ ಹಣ್ಣನ್ನು ಎಷ್ಟು ಹೋಳು ಮಾಡಿದರೂ ಹಣ್ಣು ಒಂದೇ. ಅವನ ಅಸಲು ಈಗ ಷೇರಿಗೆ 262 ರೂಪಾಯಿ, ಅಷ್ಟೇ. 2020ರ ಮಾರ್ಚಿನಲ್ಲಿ, ಕೊರೋನಾ ಭೀತಿಯಿಂದ ಇಡೀ ಪೇಟೆ ಕುಸಿದಾಗ, ಈ ಷೇರು 100 ರೂಪಾಯಿಗಿಂತ ಕೆಳಗಿಳಿಯಿತು. ಹತ್ತು ವರ್ಷ ಕಾದವನ 1,31,000 ರೂಪಾಯಿ 50,000ಕ್ಕಿಂತ ಕಡಿಮೆಯಾಗಿತ್ತು. 2024ರಲ್ಲಿ ಅದೇ ಷೇರು 1,000 ರೂಪಾಯಿಯನ್ನು ದಾಟಿತು. ಅದೇ ಐನೂರು ಷೇರುಗಳು ಐದು ಲಕ್ಷವನ್ನು ಮೀರಿದವು.

ಈ ಹದಿನಾಲ್ಕು ವರ್ಷಗಳಲ್ಲಿ ನೀರಿನ ಅಗತ್ಯವು ಒಂದು ದಿನವೂ ಕಡಿಮೆಯಾಗಲಿಲ್ಲ. ಕಂಪನಿಗೆ ಕೆಲಸದ ಕೊರತೆಯೂ ಇರಲಿಲ್ಲ. ಚೆನ್ನೈ ಬಳಿಯ ನೆಮ್ಮೇಲಿಯಲ್ಲಿ ದಿನಕ್ಕೆ 10 ಕೋಟಿ ಲೀಟರ್ ಸಮುದ್ರದ ನೀರನ್ನು ಸಿಹಿಮಾಡುವ ಸ್ಥಾವರವನ್ನು ಅದು ಕಟ್ಟಿತ್ತು. ಕುಸಿತಕ್ಕೆ ಕೊರೋನಾ ಒಂದೇ ಕಾರಣವೂ ಅಲ್ಲ, ಏಕೆಂದರೆ ಅದಕ್ಕೆ ಮೊದಲೇ ಬೆಲೆ ಇಳಿಮುಖವಾಗಿತ್ತು. ಬಾಧಿಸಿದ ಸಂಗತಿಗಳಲ್ಲಿ ಮುಖ್ಯವಾದುದು ಬಾಕಿ. ಆಂಧ್ರ ಮತ್ತು ತೆಲಂಗಾಣದ ವಿದ್ಯುದುತ್ಪಾದನಾ ನಿಗಮಗಳ ಕೆಲಸದಲ್ಲಿ ಜೊತೆಗಾರನಾಗಿದ್ದ ಟೆಕ್‌ಪ್ರೋ ಸಿಸ್ಟಮ್ಸ್ ಕಂಪನಿಯು ದಿವಾಳಿಯ ಪ್ರಕ್ರಿಯೆಗೆ ಸಿಲುಕಿ, ಬರಬೇಕಾದ ನೂರಾರು ಕೋಟಿ ರೂಪಾಯಿ ವರ್ಷಗಟ್ಟಲೆ ನಿಂತುಹೋಯಿತು. ಕಾಗದದ ಮೇಲೆ ಅದು ಆದಾಯವೇ. ಕೈಗೆ ಬಾರದ ಆದಾಯ.

ಬಾಕಿಯ ಭಾರವನ್ನು ಅಳೆಯುವ ಕ್ರಮ ಸರಳವಾದುದು. ಒಂದು ಕಂಪನಿಯು ವರ್ಷಕ್ಕೆ 730 ಕೋಟಿ ರೂಪಾಯಿಯ ಕೆಲಸ ಮಾಡುತ್ತದೆಂದರೆ ದಿನಕ್ಕೆ 2 ಕೋಟಿ. ಅಢಾವೆ ಪತ್ರಿಕೆಯಲ್ಲಿ ಗಿರಾಕಿಗಳಿಂದ ಬರಬೇಕಾದುದು 400 ಕೋಟಿಯಿದ್ದರೆ ಅದು 200 ದಿನಗಳ ಬಾಕಿ. ಅಷ್ಟು ಹಣವನ್ನು ಬ್ಯಾಂಕಿನಿಂದ ಶೇಕಡಾ 10ರಂತೆ ತಂದು ನಡೆಸಿದರೆ ಬಡ್ಡಿಯೇ 40 ಕೋಟಿ. 100 ದಿನಕ್ಕೆ ವಸೂಲಿಮಾಡುವ ಕಂಪನಿಗೆ ಬಡ್ಡಿ 20 ಕೋಟಿ. ಒಂದು ಕೋಟಿ ಷೇರುಗಳಿದ್ದಲ್ಲಿ, ವಸೂಲಿಯ ಶಿಸ್ತೊಂದರಿಂದಲೇ ತೆರಿಗೆಗೆ ಮೊದಲು ಷೇರಿಗೆ 20 ರೂಪಾಯಿಯ ಅಂತರ. ಇದರ ಜೊತೆಗೆ ‘ಕೆಲಸವಾಗಿದೆ, ಬಿಲ್ಲು ಇನ್ನೂ ಆಗಿಲ್ಲ’ ಎಂಬ ಬಾಬ್ತನ್ನೂ, ಕೆಲಸ ಮುಗಿದ ಮೇಲೂ ಗಿರಾಕಿ ಹಿಡಿದಿಟ್ಟುಕೊಳ್ಳುವ ಠೇವಣಿಯನ್ನೂ, ಟಿಪ್ಪಣಿಗಳ ಮೂಲೆಯಲ್ಲಿ ಅವಿತಿರುವ ಬ್ಯಾಂಕ್ ಗ್ಯಾರಂಟಿಗಳನ್ನೂ ನೋಡಬೇಕು. ಲಾಭವು ಏರುತ್ತ, ವ್ಯವಹಾರದಿಂದ ಬಂದ ನಗದು ಮಾತ್ರ ವರ್ಷದಿಂದ ವರ್ಷಕ್ಕೆ ಋಣವಾಗಿದ್ದರೆ ಆ ಲಾಭವನ್ನು ಯಾರೋ ಸಾಲ ಕೊಟ್ಟು ಸಾಕುತ್ತಿದ್ದಾರೆಂದೇ ಅರ್ಥ.

ವಾಬಾಗ್ 2020ರಲ್ಲಿ ಕಂಡುಕೊಂಡ ದಾರಿಯೂ ಗಮನಾರ್ಹ. ಆ ವರ್ಷ ಅದು ಷೇರಿಗೆ 160 ರೂಪಾಯಿಯಂತೆ 75 ಲಕ್ಷ ಹೊಸ ಷೇರುಗಳನ್ನು ಆಯ್ದ ಹೂಡಿಕೆದಾರರಿಗೆ ಕೊಟ್ಟು 120 ಕೋಟಿ ರೂಪಾಯಿ ಪಡೆಯಿತು. ಸುಮಾರು 5.47 ಕೋಟಿಯಿದ್ದ ಷೇರುಗಳು 6.22 ಕೋಟಿಯಾದವು. ಹಣ ಬಂದುದು ಒಳಿತಾಯಿತು. ಆದರೆ ಹಳೆಯ ಪಾಲುದಾರನ ಹಕ್ಕು ಅಷ್ಟರಮಟ್ಟಿಗೆ ತೆಳುವಾಯಿತು. ಬಾಕಿ ವಸೂಲಾಗದ ಕಂಪನಿಯು ಸಾಲವನ್ನಾದರೂ ಮಾಡಬೇಕು, ಹೊಸ ಪಾಲುದಾರರನ್ನಾದರೂ ತರಬೇಕು. ಎರಡರ ಬೆಲೆಯನ್ನೂ ತೆರುವವನು ಮೊದಲಿನ ಷೇರುದಾರನೇ.

ಕೈಯಲ್ಲಿರುವ ಗುತ್ತಿಗೆಗಳ ಮೊತ್ತವನ್ನು ಕಂಪನಿಗಳು ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸುತ್ತವೆ. ಅದು ನಿರರ್ಥಕವಲ್ಲ, ಆದರೆ ಗುತ್ತಿಗೆಯು ಗಿರಾಕಿಯ ಬೊಕ್ಕಸಕ್ಕೆ ಕಟ್ಟಿದ ಬಂಡಿ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು 2024ಕ್ಕೆ ಮುಗಿಯಬೇಕಾಗಿತ್ತು; 2025ರ ಕೇಂದ್ರ ಮುಂಗಡಪತ್ರದಲ್ಲಿ ಅದನ್ನು 2028ರವರೆಗೆ ವಿಸ್ತರಿಸಲಾಯಿತು. ಇಂಥ ಒಂದು ವಾಕ್ಯದಿಂದ ಗುತ್ತಿಗೆದಾರರ ಎಷ್ಟೋ ಅಂದಾಜುಗಳು ನಾಲ್ಕು ವರ್ಷ ಹಿಂದೆ ಸರಿಯುತ್ತವೆ. ಗಂಗಾ ಶುದ್ಧೀಕರಣದ ಕೆಲವು ಸ್ಥಾವರಗಳಲ್ಲಿ ಅನುಸರಿಸಿದ ಪದ್ಧತಿ ಬೇರೆ: ನಿರ್ಮಾಣದ ವೆಚ್ಚದಲ್ಲಿ ಶೇಕಡಾ 40ರಷ್ಟನ್ನು ಕಟ್ಟುವಾಗ ಕೊಟ್ಟು, ಉಳಿದ 60ನ್ನು 15 ವರ್ಷಗಳ ಕಂತುಗಳಲ್ಲಿ, ಸ್ಥಾವರ ನೆಟ್ಟಗೆ ನಡೆದರೆ ಮಾತ್ರ ಕೊಡುವುದು. ಸಾರ್ವಜನಿಕರಿಗೆ ಇದು ಹಿತ. ಬೆಲೆ ಕಟ್ಟುವವನಿಗೆ ಮಾತ್ರ, ಹದಿನೈದನೆಯ ವರ್ಷದ ರೂಪಾಯಿ ಇಂದಿನ ರೂಪಾಯಿಯಲ್ಲವೆಂಬ ಎಚ್ಚರ ಬೇಕು. ಶೇಕಡಾ 10ರ ಲೆಕ್ಕದಲ್ಲಿ ಅದರ ಇಂದಿನ ಬೆಲೆ ಸುಮಾರು 24 ಪೈಸೆ.

ಮುಂದಿನ ಬೆಳವಣಿಗೆಯ ಊಹೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಇನ್ನೊಂದು ಲೆಕ್ಕ. ಷೇರೊಂದಕ್ಕೆ ಮುಂದಿನ ವರ್ಷ 10 ರೂಪಾಯಿ ನಿಜವಾದ ನಗದು ಉಳಿಯುವುದೆಂದೂ ಹೂಡಿಕೆದಾರನಿಗೆ ಶೇಕಡಾ 12ರ ಪ್ರತಿಫಲ ಬೇಕೆಂದೂ ಇಟ್ಟುಕೊಂಡರೆ, ಬೇಕಾದ ಪ್ರತಿಫಲದಿಂದ ಬೆಳವಣಿಗೆಯ ದರವನ್ನು ಕಳೆದು, ಉಳಿದುದರಿಂದ ನಗದನ್ನು ಭಾಗಿಸಬೇಕು. ಬೆಳವಣಿಗೆ ಶೇಕಡಾ 5 ಎಂದರೆ ಬೆಲೆ 143 ರೂಪಾಯಿ. 7 ಎಂದರೆ 200. 9 ಎಂದರೆ 333. ಯಾವ ಸ್ಥಾವರವೂ ಹೊಸದಾಗಿ ಏಳಲಿಲ್ಲ, ಯಾವ ಬಾಕಿಯೂ ಬರಲಿಲ್ಲ. ಬರೆಯುವವನ ಕೈ ಒಂದಿಷ್ಟು ಉದಾರವಾಯಿತು, ಬೆಲೆ ಇಮ್ಮಡಿಯನ್ನು ಮೀರಿತು. ಸದಾಕಾಲ ಶೇಕಡಾ 9ರಂತೆ ಬೆಳೆಯುವ ಕಂಪನಿ ಯಾವ ದೇಶದಲ್ಲಿಯೂ ಇಲ್ಲ.

ಜ್ಞಾನಿಗಳೂ ಈ ವಿಷಯದಲ್ಲಿ ಒಮ್ಮತಕ್ಕೆ ಬರುವುದಿಲ್ಲ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಹರಿಸಿದ ಫ್ರಾನ್ಸಿನ ವಿಯೋಲಿಯಾ ಕಂಪನಿಯು, 2020ರ ಆಗಸ್ಟಿನಲ್ಲಿ ತನ್ನ ಪ್ರತಿಸ್ಪರ್ಧಿ ಸುಯೆಜ್ ಕಂಪನಿಯ ಷೇರಿಗೆ 15.50 ಯೂರೋ ಕೊಡುವೆನೆಂದಿತು. ಒಂದು ತಿಂಗಳಲ್ಲಿ ಅದು 18 ಆಯಿತು. 2021ರ ಏಪ್ರಿಲಿನಲ್ಲಿ 20.50ಕ್ಕೆ ಒಪ್ಪಂದ ಕುದುರಿತು. ನೀರಿನ ವ್ಯವಹಾರವನ್ನು ಒಂದೂವರೆ ಶತಮಾನ ಬಲ್ಲ ಎರಡು ಕಂಪನಿಗಳ ನಡುವೆಯೇ ಎಂಟು ತಿಂಗಳಲ್ಲಿ ಇಷ್ಟು ಅಂತರವಿದ್ದಮೇಲೆ, ಸಾಮಾನ್ಯ ಹೂಡಿಕೆದಾರನು ಒಂದೇ ಖಚಿತ ಬೆಲೆಯನ್ನು ಹುಡುಕುವುದು ವ್ಯರ್ಥ. ಕೆಳಗಿನದೊಂದು, ಮೇಲಿನದೊಂದು ಅಂದಾಜು ಮಾಡಿ, ಪೇಟೆಯ ಬೆಲೆ ಕೆಳಗಿನದಕ್ಕಿಂತಲೂ ಸಾಕಷ್ಟು ಇಳಿದಾಗ ಮಾತ್ರ ಕೈಹಾಕುವುದು ನಿವೃತ್ತಿಯ ಹಣವಿರುವವನಿಗೆ ತಕ್ಕ ಮಾರ್ಗ.

ಕೊನೆಯದಾಗಿ, ಲೆಕ್ಕಪತ್ರದಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ. ಮೇಲೆ ಕಲ್ಪಿಸಿದ ಹಳ್ಳಿಯ ಘಟಕದವನು ಮೂರನೆಯ ವರ್ಷ ಪೊರೆಯನ್ನು ಬದಲಿಸದೆ, ಹಣವನ್ನು ಎತ್ತಿಡುವುದನ್ನೂ ಬಿಟ್ಟರೆ, ಆ ವರ್ಷದ ಲಾಭವು 40,000ದಿಂದ ಒಂದು ಲಕ್ಷಕ್ಕೆ ನೆಗೆಯುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ಕ್ಯಾನು ಹೊತ್ತು ಹೋಗುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಷೇರುದಾರರಿಗೂ ತಿಳಿಯುವುದಿಲ್ಲ. ಆದ್ದರಿಂದ ಲಾಭ ಹಠಾತ್ತನೆ ಏರಿದ ವರ್ಷದಲ್ಲಿ ಮೊದಲು ತೆರೆಯಬೇಕಾದದ್ದು ದುರಸ್ತಿ ಮತ್ತು ಬಿಡಿಭಾಗಗಳ ವೆಚ್ಚದ ಪುಟ. ಅದರ ಅಂಕಿಯನ್ನು ಹಿಂದಿನ ನಾಲ್ಕು ವರ್ಷಗಳ ಅಂಕಿಗಳೊಡನೆ ಹೋಲಿಸಿ, ನಡೆಸುತ್ತಿರುವ ಸ್ಥಾವರಗಳ ಸಂಖ್ಯೆ ಹೆಚ್ಚಿದ್ದರೂ ಆ ವೆಚ್ಚ ತಗ್ಗಿದ್ದರೆ, ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಕಾರಣ ಕೇಳುವ ಹಕ್ಕು ಒಂದೇ ಷೇರು ಇರುವವನಿಗೂ ಇದೆ.