ಹಿಮ್ಮುಖವಾಗಿ ಗುಡ್ಡವೇರಿದ ಮೋಟಾರು

ಮೋಟಾರು ಗಾಡಿಯೊಂದು ಬೆನ್ನು ಮುಂದುಮಾಡಿ ಗುಡ್ಡವನ್ನು ಹತ್ತುವುದನ್ನು ತಾವು ಕಂಡಿರುವಿರಾ? ಅಮೆರಿಕದ ಹಳ್ಳಿಗಾಡುಗಳಲ್ಲಿ ಒಂದು ಕಾಲಕ್ಕೆ ಇದೇನೂ ಸೋಜಿಗದ ನೋಟವಾಗಿರಲಿಲ್ಲ. ಗಾಡಿಯ ಹೆಸರು ಫೋರ್ಡ್ ಮಾಡೆಲ್ ಟಿ. ಜನರು ಸಲಿಗೆಯಿಂದ ಕರೆದ ಹೆಸರು ಟಿನ್ ಲಿಜ್ಜಿ. 1908ರಿಂದ 1927ರವರೆಗೆ ಇಂಥವು ಸುಮಾರು 1.5 ಕೋಟಿ ತಯಾರಾದುವು.

ಪೆಟ್ರೋಲನ್ನು ಎಂಜಿನ್ನಿಗೆ ದೂಡುವ ಪಂಪು ಇದಕ್ಕಿರಲಿಲ್ಲ. ಬಹುಪಾಲು ಗಾಡಿಗಳಲ್ಲಿ ಪೆಟ್ರೋಲಿನ ತೊಟ್ಟಿಯು ಮುಂದಿನ ಆಸನದ ಕೆಳಗೆ. ಅಲ್ಲಿಂದ ಅದು ತನ್ನ ಭಾರದಿಂದಲೇ ಹರಿದು ಬರಬೇಕು. ಕಡಿದಾದ ಏರಿನಲ್ಲಿ ಎಂಜಿನ್ನು ಮೇಲಾಗಿ ತೊಟ್ಟಿ ಕೆಳಗಾದರೆ, ಅದೂ ಪೆಟ್ರೋಲು ತಳ ಮುಟ್ಟಿದ್ದರೆ, ಗಾಡಿ ನಿಂತೇ ಹೋಗುತ್ತಿದ್ದಿತು. ಹಿಂದುಮುಂದಾಗಿ ತಿರುಗಿಸಿದರೆ ತೊಟ್ಟಿ ಮೇಲಾಯಿತು, ಲಿಜ್ಜಿ ಹೊರಟಳು!

ಇನ್ನು ಚಳಿಗಾಲದ ಮುಂಜಾವಿನ ಉಪಚಾರ. ಮೂತಿಯ ಬಳಿ ನಿಂತು ಹಿಡಿಕೆಯನ್ನು ತಿರುವಿ ಎಂಜಿನ್ನನ್ನು ಎಬ್ಬಿಸಬೇಕು. ಕಿಡಿಯನ್ನು ತಡಮಾಡುವ ಸನ್ನೆಯನ್ನು ಸರಿಸಲು ಮರೆತರೆ ಹಿಡಿಕೆಯು ಹಿಂದಕ್ಕೆ ಒದೆದು ಮಣಿಕಟ್ಟನ್ನು ಮುರಿಯುವುದೂ ಉಂಟು. ಚಳಿಗೆ ಮಂದವಾದ ಎಣ್ಣೆಯು ಕ್ಲಚ್ಚಿನ ಬಿಲ್ಲೆಗಳನ್ನು ಅಂಟಿಸಿದ್ದರೆ ಗಾಡಿಯು ತಾನಾಗಿ ಸರಿದು ಯಜಮಾನನ ಮೇಲೆಯೇ ಬರುತ್ತಿದ್ದಿತು. ಬಲ್ಲವರು ಹಿಂದಿನ ಚಕ್ರವೊಂದನ್ನು ಜಾಕಿಯಿಂದ ಎತ್ತಿಟ್ಟ ಬಳಿಕವೇ ಹಿಡಿಕೆಗೆ ಕೈಹಾಕುತ್ತಿದ್ದರು.

ಇಷ್ಟು ಕಾಟದ ಗಾಡಿಯ ಮೇಲೆ ಮಮತೆಯೇಕೆ? ಅಗ್ಗವೆಂಬುದು ನಿಜ: 1908ರ 850 ಡಾಲರಿನ ಬೆಲೆ 1925ರ ವೇಳೆಗೆ 260ಕ್ಕೆ ಇಳಿದಿದ್ದಿತು. ಆದರೆ ಅಗ್ಗವಾದುದಕ್ಕೆಲ್ಲ ನಾವು ಮುದ್ದಿನ ಹೆಸರಿಡುವುದಿಲ್ಲವಷ್ಟೆ. ಲಿಜ್ಜಿಯ ರೋಗಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವಂಥವು. ರೈತನೊಬ್ಬನು ದಾರಿಯ ಬದಿಯಲ್ಲಿಯೇ ಸ್ಪ್ಯಾನರು, ತಂತಿಗಳಿಂದ ಮದ್ದು ಮಾಡಬಲ್ಲವನಾಗಿದ್ದನು. ಅವುಗಳನ್ನು ಸಾಕಿಕೊಂಡಿರುವವರು ಇಂದಿಗೂ ಇದ್ದಾರೆ. ಹೊಸಬರಿಗೆ ಅವರು ಹೇಳಿಕೊಡುವುದು ಹಳೆಯ ಪಾಠವನ್ನೇ: ಎಡಗೈಯಿಂದ ಹಿಡಿ, ಹೆಬ್ಬೆರಳನ್ನು ಮಡಿಸಬೇಡ, ಮೇಲಕ್ಕೆ ಎಳೆ.